ರಟ್ಟಾಗದ ಓದು

ಯಾರು ಏನು ಓದುತ್ತಿದ್ದಾರೆ ಅಂತ ತಿಳಿಯಲು ಮೊದಲೆಲ್ಲ ಹತ್ತಿರ ಹೋಗಿ ಕೇಳಬೇಕಿರಲಿಲ್ಲ. ಪುಸ್ತಕದ ರಟ್ಟೇ ಹೇಳುತ್ತಿತ್ತು. ಮಗಳ ಕೈಯಲ್ಲಿರುವುದು ವಿಜ್ಞಾನದ ಪುಸ್ತಕವೋ, ಪಿಸ್ತೂಲಿನ ಚಿತ್ರವಿರುವ ಪತ್ತೇದಾರಿ ಕಾದಂಬರಿಯೋ ಅಂತ ಅಮ್ಮಂದಿರು ಅಡುಗೆಮನೆ ಬಾಗಿಲಲ್ಲಿ ನಿಂತೇ ಕಂಡುಹಿಡಿಯುತ್ತಿದ್ದರು. ಅದಕ್ಕೇ ನಾವು ಪಠ್ಯಪುಸ್ತಕದ ನಡುವೆ ಕಾದಂಬರಿ ಇಟ್ಟುಕೊಳ್ಳುವ ವಿದ್ಯೆ ಕಲಿತದ್ದು. ಬಡಾವಣೆಗೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇದ್ದ ಕಾಲ ಅದು. ಕೈಯಿಂದ ಕೈಗೆ ಹೋಗಿ ಪುಸ್ತಕದ ಮೂಲೆಗಳೆಲ್ಲ ಮಡಚಿಕೊಂಡಿರುತ್ತಿದ್ದವು. ಕೆಲವು ಸಲ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಕೊಲೆ ಮಾಡಿದವನು ಯಾರು ಅಂತ ಪಕ್ಕದ ಮನೆಯವರನ್ನು ಕೇಳಬೇಕಾಗುತ್ತಿತ್ತು.

ಈಗ ರಟ್ಟೇ ಇಲ್ಲ. ಮಗಳು ಸೋಫಾದಲ್ಲಿ ಕಾಲು ಮಡಚಿ ಕೂತು ಫೋನ್ ಹಿಡಿದಳೆಂದರೆ ಮುಗಿಯಿತು. ಕೆಮಿಸ್ಟ್ರಿ ನೋಟ್ಸು, ಗೆಳತಿಯ ಮೆಸೇಜು, ನೂರು ಅಧ್ಯಾಯದ ಕಾದಂಬರಿ, ಎಲ್ಲವೂ ಹೊರಗಿನಿಂದ ಒಂದೇ ಥರ. ಅವಳ ಫೋನಿನ ಕವರಿನ ಮೇಲೆ ಒಂದು ಬೆಕ್ಕು ಕನ್ನಡಕ ಹಾಕಿಕೊಂಡು ಕೂತಿದೆ. ಅದರ ಮುಖ ನೋಡಿ ಏನು ತಾನೆ ಊಹಿಸುವುದು? ಹಾಗಾಗಿ "ಯಾವಾಗ ನೋಡಿದ್ರೂ ಫೋನು" ಅಂತ ಬೈದು ನಮ್ಮ ಕೆಲಸ ಮುಗಿಸುತ್ತೇವೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ ಹಿರಿಯರು "ಈಗಿನ ಮಕ್ಕಳು ಓದೋದೇ ಇಲ್ಲ ಬಿಡಿ" ಅನ್ನುತ್ತಾರಲ್ಲ, ನನಗೆ ಆ ಮಾತಿನಲ್ಲಿ ನಂಬಿಕೆ ಕಡಿಮೆ. ಹಾಗೆ ಹೇಳುವವರಲ್ಲಿ ಎಷ್ಟು ಜನ ಈ ವರ್ಷ ಒಂದು ಪುಸ್ತಕ ಮುಗಿಸಿದ್ದಾರೆ ಅಂತ ಪಾಯಸ ಬರುವಷ್ಟರಲ್ಲಿ ಕೇಳಿ ನೋಡಬೇಕು.

ಒಂದು ಸಂಜೆ ಮಗಳನ್ನು ಪುಸಲಾಯಿಸಿ ಫೋನಿನೊಳಗೆ ಇಣುಕಿದೆ. ಅವಳು ಓದುತ್ತಿದ್ದದ್ದು ವಾಟ್‌ಪ್ಯಾಡ್‌ನಲ್ಲಿ. ಯಾರು ಬೇಕಾದರೂ ಕಥೆ ಬರೆದು ಹಾಕುವ, ಓದುವ ತಾಣ ಅದು, 2006ರಲ್ಲಿ ಕೆನಡಾದಲ್ಲಿ ಶುರುವಾದದ್ದು. ಅಲ್ಲಿ ಓದುವವರಷ್ಟೇ ಅಲ್ಲ, ಬರೆಯುವವರಲ್ಲೂ ಎಷ್ಟೋ ಜನ ಅವಳ ವಯಸ್ಸಿನವರು. ಕಥೆ ಅಧ್ಯಾಯ ಅಧ್ಯಾಯವಾಗಿ ಬರುತ್ತದೆ. ಪ್ರತಿ ಪ್ಯಾರಾದ ಪಕ್ಕ ಒಂದು ಪುಟ್ಟ ಗುಳ್ಳೆ, ಅದರೊಳಗೊಂದು ಅಂಕಿ. ಮುಟ್ಟಿದರೆ ಆ ಪ್ಯಾರಾ ಬಗ್ಗೆ ಓದುಗರು ಬರೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ನಾಯಕ ಕೊಡೆ ಮರೆತು ಬಂದ ಅನ್ನುವ ಒಂದು ಸಾಲಿಗೆ ಯಾವ ಯಾವ ದೇಶದ ಹುಡುಗಿಯರೋ ಸೇರಿ ಹಣೆ ಚಚ್ಚಿಕೊಂಡಿದ್ದರು. ಟೆಂಟ್ ಸಿನಿಮಾದಲ್ಲಿ ಶಿಳ್ಳೆ ಹೊಡೆಯುವವರ ನಡುವೆ ಕೂತು ಪುಸ್ತಕ ಓದಿದ ಹಾಗಾಯಿತು ನನಗೆ. "ಇಷ್ಟು ಗಲಾಟೆಯಲ್ಲಿ ಹೇಗೇ ಓದ್ತೀಯ?" ಅಂದೆ. "ಗಲಾಟೆ ಇದ್ರೇನೇ ಮಜಾ ಅಮ್ಮಾ" ಅಂದಳು.

ಇನ್ನೊಂದಿದೆ, ಫ್ಯಾನ್ ಫಿಕ್ಷನ್. ತಮಗೆ ಇಷ್ಟವಾದ ಪುಸ್ತಕದ, ಸಿನಿಮಾದ ಪಾತ್ರಗಳನ್ನು ಎತ್ತಿಕೊಂಡು ಓದುಗರೇ ಹೊಸ ಕಥೆ ಕಟ್ಟುವುದು. ಸತ್ತವರನ್ನು ಬದುಕಿಸುತ್ತಾರೆ, ಕೂಡದವರನ್ನು ಕೂಡಿಸುತ್ತಾರೆ. ಇಂಥ ಕಥೆಗಳನ್ನು ಜೋಪಾನ ಮಾಡುವ ಆರ್ಕೈವ್ ಆಫ್ ಅವರ್ ಓನ್ ಎಂಬ ತಾಣಕ್ಕೆ 2019ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿಯೂ ಬಂತು. ಮಗಳು ಇದನ್ನೆಲ್ಲ ವಿವರಿಸುವಾಗ ಹುರುಳಿಕಾಯಿ ಸೋಸುತ್ತಿದ್ದ ನಮ್ಮತ್ತೆ ತಲೆಯೆತ್ತದೆಯೇ ಕೇಳಿದರು, "ಅದರಲ್ಲಿ ಹೊಸದೇನಿದೆಯಮ್ಮಾ? ರಾಮಾಯಣನ ಎಷ್ಟು ಜನ ತಮಗೆ ಬೇಕಾದ ಹಾಗೆ ಬರೆದುಕೊಂಡಿಲ್ಲ?" ಸರಿಯಾದ ಮಾತೇ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಅಂತ ಕುಮಾರವ್ಯಾಸ ಆಗಲೇ ಹೇಳಿಬಿಟ್ಟಿದ್ದಾನೆ.

ಅತ್ತೆ ಹೀಗೆ ಮೊಮ್ಮಗಳ ಪರ ವಹಿಸುವುದಕ್ಕೆ ಕಾರಣವಿದೆ. ಅವರೂ ಫೋನಿನ ಓದುಗರೇ. ಹರೆಯದಲ್ಲಿ ಸುಧಾದ ಧಾರಾವಾಹಿಗೆ ವಾರವಿಡೀ ಕಾದವರು. ಮುಗಿದ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ದಬ್ಬಣದಿಂದ ತೂತು ಮಾಡಿ, ದಾರ ಪೋಣಿಸಿ ಬೈಂಡ್ ಮಾಡಿದ ಒಂದು ಪುಸ್ತಕ ಅವರ ಟ್ರಂಕಿನಲ್ಲಿ ಈಗಲೂ ಇದೆ. ನಡುನಡುವೆ ಸಾಬೂನು, ತಲೆನೋವಿನ ಮಾತ್ರೆಗಳ ಅರ್ಧರ್ಧ ಜಾಹೀರಾತು. ಈಗ ಅವರು ಪ್ರತಿಲಿಪಿ ಓದುತ್ತಾರೆ. 2014ರಲ್ಲಿ ಶುರುವಾದ, ನಮ್ಮ ಬೆಂಗಳೂರಿನದೇ ಕಥೆಗಳ ಆಪ್ ಅದು. ಅಲ್ಲಿಯ ಕೆಲವು ಕಥೆಗಳಲ್ಲಿ ಮುಂದಿನ ಭಾಗಕ್ಕೆ ಬೀಗ ಹಾಕಿರುತ್ತಾರೆ. ಒಂದೋ ಕಾಯಬೇಕು, ಇಲ್ಲಾ ಕಾಯಿನ್ ಕೊಡಬೇಕು. ಅತ್ತೆ ಕಾಯುತ್ತಾರೆ. ರಾತ್ರಿ ಊಟವಾದ ಮೇಲೆ ಅಜ್ಜಿ ಒಂದು ಮೂಲೆ, ಮೊಮ್ಮಗಳು ಒಂದು ಮೂಲೆ, ಇಬ್ಬರಿಗೂ ಮುಂದೇನಾಯಿತು ಅನ್ನುವ ಚಡಪಡಿಕೆ. ನಡುವೆ ನಾನು, ಕಪಾಟಿನ ತುಂಬ ರಟ್ಟಿರುವ ಪುಸ್ತಕ ಇಟ್ಟುಕೊಂಡು ರೀಲ್ಸ್ ನೋಡುತ್ತಿರುತ್ತೇನೆ.

ತಮಾಷೆ ಅಂದರೆ, ಫೋನು ಕಿತ್ತುಕೊಂಡ ರಟ್ಟನ್ನು ಫೋನೇ ವಾಪಸು ತಂದುಕೊಟ್ಟಿದೆ. ಬೇರೆ ದೇಶಗಳಲ್ಲಿ ಪುಸ್ತಕದ ಸುದ್ದಿ ಟಿಕ್‌ಟಾಕ್‌ನಲ್ಲಿ ಹಬ್ಬಿತು. ನಮ್ಮಲ್ಲಿ 2020ರಲ್ಲೇ ಟಿಕ್‌ಟಾಕ್ ಬಂದ್ ಆದದ್ದರಿಂದ ಇನ್‌ಸ್ಟಾಗ್ರಾಮ್ ಆ ಕೆಲಸ ಮಾಡುತ್ತಿದೆ. ಅಲ್ಲಿ ರಟ್ಟು ಚೆಂದ ಇರಬೇಕು, ಪುಟಗಳ ಅಂಚಿಗೂ ಬಣ್ಣ ಇದ್ದರೆ ಇನ್ನೂ ಒಳ್ಳೆಯದು. ಭಾನುವಾರ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್‌ಗೋ ಬುಕ್‌ವರ್ಮ್‌ಗೋ ಹೋಗಿ ನೋಡಿ. ಮಾಂಗಾ ಅನ್ನುವ ಜಪಾನಿ ಚಿತ್ರಕಥೆಗಳ ಕಪಾಟಿನ ಮುಂದೆ ಹುಡುಗ ಹುಡುಗಿಯರು ನೆಲದ ಮೇಲೇ ಕೂತಿರುತ್ತಾರೆ, ದಾಟಿಕೊಂಡು ಹೋಗಬೇಕು. ಫೋನಿನಲ್ಲಿ ಆಗಲೇ ಓದಿದ ಕಥೆಯನ್ನೇ ಪಾಕೆಟ್ ಮನಿ ಕೂಡಿಸಿ ಮತ್ತೆ ಕೊಳ್ಳುವವರೂ ಇದ್ದಾರೆ. ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು ಮಾತಿಲ್ಲದೆ ಓದುವವರಲ್ಲೂ ಚಿಕ್ಕವರು ಕಾಣಿಸುತ್ತಾರೆ. ಅದೇ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಯಲ್ಲಿ ಮಾತ್ರ ಬೆಂಚುಗಳು ಸ್ಪರ್ಧಾತ್ಮಕ ಪರೀಕ್ಷೆಯವರ ಪಾಲು. ಆಸ್ತಿ ತೆರಿಗೆಯ ಒಂದೊಂದು ರೂಪಾಯಿಗೂ 6 ಪೈಸೆ ಗ್ರಂಥಾಲಯ ಕರ ಕಟ್ಟುವ ನಾವು ಆ ಕಡೆ ತಲೆ ಹಾಕುವುದೇ ಅಪರೂಪ. ಅದು ಬೇರೆ ಮಾತು.

ಹಾಗಂತ ಫೋನಿಗೆ ನಾನು ಪೂರ್ತಿ ಅಂಕ ಕೊಡಲಾರೆ. ಕಥೆ ರಂಗೇರಿದ ಹೊತ್ತಿಗೇ ಮೇಲಿನಿಂದ ಟ್ಯೂಷನ್ ಗ್ರೂಪಿನ ಮೆಸೇಜು ಇಳಿದುಬರುತ್ತದೆ. ಅದನ್ನು ನೋಡಲು ಹೋದವಳು ಮುಕ್ಕಾಲು ಗಂಟೆ ವಾಪಸು ಬರುವುದಿಲ್ಲ. ಕಾಗದದ ಪುಸ್ತಕ ಬೇಜಾರು ಹಿಡಿಸಬಹುದು, ಆದರೆ ನಡುವೆ ಬಾಯಿ ಹಾಕುವುದಿಲ್ಲ.

ನನಗೆ ನಿಜವಾಗಿ ಕಸಿವಿಸಿಯಾಗುವುದು ಬೇರೆ ಕಡೆ. ವೆಬ್‌ಟೂನ್ ಅನ್ನುವ ಕೊರಿಯಾದ ಚಿತ್ರಕಥೆ ಫೋನಿನಲ್ಲಿ ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಓದುವಂಥದ್ದು. ಜಪಾನಿನ ಮಾಂಗಾ ಬಲದಿಂದ ಎಡಕ್ಕೆ. ಎರಡನ್ನೂ ನೀರು ಕುಡಿದಷ್ಟು ಸಲೀಸಾಗಿ ಓದುವ ಹುಡುಗಿ ಎಡವುವುದು ಎಡದಿಂದ ಬಲಕ್ಕೆ ಹೋಗುವ ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳಿಗೆ ಕನ್ನಡ ಅಂದರೆ ಪದ್ಯದ ಸಾರಾಂಶ, ಸಂಧಿ, ಸಮಾಸ, ಮಾರ್ಕ್ಸು. ಅಜ್ಜಿಗೆ ಪೇಪರ್ ಓದಿ ಹೇಳಲು ಕೂತರೆ 'ಮುಖ್ಯಮಂತ್ರಿ' ದಾಟುತ್ತಾಳೆ, 'ಪ್ರಕ್ಷುಬ್ಧ' ಬಂದಾಗ ಗಾಡಿ ನಿಲ್ಲುತ್ತದೆ. ಒತ್ತಕ್ಷರ ಬಿಡಿಸಿಕೊಂಡು ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲಲ್ಲಿ ಏನಿತ್ತು ಅನ್ನುವುದೇ ಮರೆತಿರುತ್ತದೆ. ಕಣ್ಣು ಓಡದೆ ಕಥೆಯ ಸುಖ ಸಿಗುವುದಿಲ್ಲ. ಕನ್ನಡದ ಒಳ್ಳೆಯ ಪುಸ್ತಕ ತಂದಿಟ್ಟರೆ ಸಾಕು, ಮಕ್ಕಳು ತಾವಾಗಿ ಓದುತ್ತಾರೆ ಅನ್ನುವ ನಮ್ಮಂಥವರು ಇದನ್ನು ಯೋಚಿಸುವುದೇ ಇಲ್ಲ. ಹುಟ್ಟುಹಬ್ಬಕ್ಕೆ ಕೊಟ್ಟ ಪುಸ್ತಕದ ಮೊದಲ ಪುಟದಲ್ಲಿ 'ಪ್ರೀತಿಯಿಂದ' ಅಂತ ಬರೆದಿರುತ್ತೇವೆ. ಅವರು ಓದುವುದು ಅಷ್ಟೇ.

ದೆವ್ವದ ಕಥೆಯೊಂದು ಇದಕ್ಕೆ ದಾರಿ ಮಾಡಿತು. ಅತ್ತೆ ಪ್ರತಿಲಿಪಿಯಲ್ಲಿ ಓದಿದ್ದನ್ನು ಮೊಮ್ಮಗಳಿಗೆ ರಾತ್ರಿ ಹೇಳುತ್ತಿದ್ದರು. ಹಾಳು ಬಾವಿಯೊಳಗಿಂದ ಬಳೆ ಸದ್ದು ಬರುವಲ್ಲಿಗೆ ನಿಲ್ಲಿಸಿ, ಮಾತ್ರೆ ನುಂಗಿ ಮಲಗಿಬಿಟ್ಟರು. ಇವಳಿಗೆ ತಡೆಯಲಾಗಲಿಲ್ಲ. ಅಜ್ಜಿಯ ಫೋನನ್ನೇ ಎತ್ತಿಕೊಂಡಳು. ಕಣ್ಣು ಮಂಜು ಅಂತ ಅತ್ತೆ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿಕೊಂಡಿದ್ದಾರೆಂದರೆ, ಇಡೀ ಪರದೆಯಲ್ಲಿ ಐದಾರು ಸಾಲು. ಒಂದೊಂದು ಒತ್ತಕ್ಷರವೂ ಹಲಸಂದೆ ಕಾಳಿನಷ್ಟು. ಅದರಲ್ಲಿ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದಿದಳು. ಭಾಷೆಯೂ ಮನೆಯಲ್ಲಿ ಆಡುವಂಥದ್ದೇ. ಬಾವಿಯೊಳಗೆ ಯಾರಿದ್ದರು ಅಂತ ಗೊತ್ತಾಗುವ ಹೊತ್ತಿಗೆ ಗಂಟೆ ಹನ್ನೊಂದೂವರೆ. ಮಲಗು ಅಂತ ಗದರಲು ಹೋದವಳು ನಾನೂ ಸುಮ್ನೆ ವಾಪಸು ಬಂದೆ. ಆ ಕಥೆ ಸಾಹಿತ್ಯವೋ ಅಲ್ಲವೋ ನನಗೆ ಬೇಕಿಲ್ಲ. ನನ್ನ ಕನ್ನಡ ಓದೂ ಪಿಸ್ತೂಲಿನ ರಟ್ಟಿನವರಿಂದಲೇ ವೇಗ ಹಿಡಿದದ್ದು.

ಈಗ ಅತ್ತೆಯದು ಬೇರೆಯೇ ದೂರು. ಮುಂದಿನ ಭಾಗದ ಬೀಗ ತೆರೆಯುವುದನ್ನೇ ಇವಳು ಕಾದಿರುತ್ತಾಳೆ. ಅಜ್ಜಿ ದೇವರ ದೀಪ ಹಚ್ಚಿ ಬರುವಷ್ಟರಲ್ಲಿ ಓದಿ ಮುಗಿಸಿ, ಆಮೇಲೆ ಏನಾಯ್ತು ಅಂತ ಬಾಯಿಬಿಟ್ಟುಬಿಡುತ್ತಾಳೆ. "ಇವಳಿಗೆ ಹೇಳಮ್ಮಾ, ನಂಗೆ ಸ್ಪಾಯ್ಲರ್ ಕೊಡಬೇಡ ಅಂತ," ಅಂದರು ನಿನ್ನೆ ನನ್ನತ್ತೆ. ಫೋನಿಗೆ ಲಾಕ್ ಹಾಕುವುದು ಹೇಗೆ ಅಂತಲೂ ಕೇಳಿದ್ದಾರೆ.