ಯಂತ್ರಕ್ಕೂ ಎರಡು ಕಿವಿ ಬೇಕು

ಮಾತು ಗುರುತಿಸುವ ಯಂತ್ರಗಳ ಕುರಿತ ಲೇಖನವೊಂದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಅಂಥ ಯಂತ್ರಕ್ಕೆ ಮನುಷ್ಯನ ಕಿವಿಯೇ ಮಾದರಿಯಾಗಬೇಕೆಂಬ ಲೇಖಕರ ನಿಲುವನ್ನು ಒಪ್ಪುತ್ತೇನೆ. ಆದರೆ ಲೇಖನ ಒಳಕಿವಿಯ ಕಾಕ್ಲಿಯಾದ ವರ್ಣನೆಗೇ ನಿಂತುಬಿಟ್ಟಿದೆ. ಶಂಖದಂತೆ ಸುರುಳಿಯಾಗಿರುವ ಆ ಭಾಗದ ಬುಡ ಕೀರಲು ಸ್ವರಗಳಿಗೂ ತುದಿ ಮಂದ್ರ ಸ್ವರಗಳಿಗೂ ಹೆಚ್ಚು ಕಂಪಿಸುತ್ತದೆ. ಈ ಕುರಿತ ಸಂಶೋಧನೆಗಾಗಿ ವಿಜ್ಞಾನಿ ಬೆಕೇಶಿಯವರಿಗೆ 1961ರಲ್ಲಿ ನೊಬೆಲ್ ಬಂತು. ಸ್ವರದ ಏರಿಳಿತವನ್ನು ಮನುಷ್ಯನ ಕಿವಿಗೆ ಕೇಳುವ ರೀತಿಯಲ್ಲೇ ಅಳೆಯುವ ಮೆಲ್ ಮಾಪಕವನ್ನಂತೂ ಮಾತು ಗುರುತಿಸುವ ತಂತ್ರಾಂಶಗಳು ದಶಕಗಳಿಂದ ಬಳಸುತ್ತಿವೆ. ಉಳಿದಿರುವ ಕಷ್ಟ ಗದ್ದಲದ್ದು. ಚಿಕ್ಕಮಗಳೂರಿನ ನಮ್ಮ ಮನೆಯ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗಲೂ ಅಡುಗೆಮನೆಯಿಂದ ಅಮ್ಮ ಕರೆದದ್ದು ನನಗೆ ಕೇಳುತ್ತದೆ; ಬಾಯಿಯ ಹತ್ತಿರವೇ ಹಿಡಿದ ಫೋನು ಮಾತ್ರ ‘ಕಾಳುಮೆಣಸು’ ಎಂದರೂ ತಪ್ಪಾಗಿ ಬರೆಯುತ್ತದೆ. ಎರಡು ಕಿವಿಗಳಿಗೆ ಸದ್ದು ತಲುಪುವ, ಒಂದು ಮಿಲಿಸೆಕೆಂಡಿಗೂ ಕಡಿಮೆಯಾದ ಕಾಲವ್ಯತ್ಯಾಸದಿಂದ ದಿಕ್ಕನ್ನು ಅರಿತು ಬೇಕಾದ ದನಿಯನ್ನಷ್ಟೇ ಹಿಡಿಯುವ ಮಿದುಳಿನ ಕೆಲಸದ ಬಗ್ಗೆಯೂ ಲೇಖಕರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.