ಕಾರಿನ ತಳಕ್ಕೊಂದು ತೇಪೆ

ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ನಮ್ಮ ಕಾರಿನೊಳಗೆ ಒಂದು ಉಂಬಳ ಸಿಕ್ಕಿತು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ನಮ್ಮೂರಿನಲ್ಲಿ ಮಳೆಗಾಲದ ಉಂಬಳವೆಂದರೆ ಸುದ್ದಿಯೇ ಅಲ್ಲ; ತೋಟಕ್ಕೆ ಹೋದರೆ ಕಾಲಿಗೆ ನಾಲ್ಕು ಹತ್ತುತ್ತವೆ, ಸುಣ್ಣವನ್ನೋ ಉಪ್ಪನ್ನೋ ಮುಟ್ಟಿಸಿ ಕೊಡವಿ ಕಾಫಿಗೆ ಕುಳಿತರಾಯಿತು. ಆದರೆ ಅಂದು ನಾನು ತೋಟದ ಕಡೆ ತಲೆ ಹಾಕಿರಲಿಲ್ಲ. ಒಗೆದ ಪಂಚೆ ಉಟ್ಟು, ಅಂಗಳದಲ್ಲೇ ಕಾರು ಹತ್ತಿ, ಗಾಜುಗಳನ್ನೆಲ್ಲ ಏರಿಸಿಕೊಂಡು ಸೊಸೈಟಿಗೆ ಹೋಗಿ ಇಳಿದವನ ಎಡ ಹಿಮ್ಮಡಿಯ ಮೇಲೆ ಅದು ಹೊಟ್ಟೆ ತುಂಬಿಸಿಕೊಂಡು ದ್ರಾಕ್ಷಿಯಂತೆ ಕುಳಿತಿತ್ತು. ಎಲ್ಲಿಂದ ಬಂತೆಂದು ಮ್ಯಾಟ್ ಎತ್ತಿ, ಅದರಡಿಯ ನೆನೆದು ನಾರುತ್ತಿದ್ದ ಕಾರ್ಪೆಟ್ ಎತ್ತಿ ನೋಡಿದರೆ, ಕ್ಲಚ್ ಪೆಡಲಿನ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ತೂತು. ಅದರೊಳಗಿಂದ ಸೊಸೈಟಿಯ ಅಂಗಳದ ಹುಲ್ಲು ಸ್ಪಷ್ಟವಾಗಿ ಕಾಣಿಸುತ್ತಿತ್ತು.

ನಮ್ಮದು 2006ರ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಈ ಕಾರಿಗೆ ಎಂಜಿನ್ನಿನ ಕಾಯಿಲೆ ಅಪರೂಪ, ಮೈಯ ಕಾಯಿಲೆ ಮಾತ್ರ ತಪ್ಪಿದ್ದಲ್ಲ. ಅದರಲ್ಲೂ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಬಾಳಬೇಕಾದರೆ ಕೇಳುವುದೇ ಬೇಡ. ಚಕ್ರ ಎರಚಿದ ಕೆಂಪು ಮಣ್ಣು ಮಡ್‌ಗಾರ್ಡಿನ ಸಂದಿಯಲ್ಲಿ ಮೆತ್ತಿಕೊಂಡು ದೀಪಾವಳಿಯವರೆಗೂ ಹಸಿಯಾಗಿಯೇ ಇರುತ್ತದೆ. ನೀರು ಇಳಿದುಹೋಗಲೆಂದು ಕಂಪನಿಯವರೇ ತಳದಲ್ಲಿ ಕೊಟ್ಟಿರುವ ರಂಧ್ರಗಳು ತರಗೆಲೆಯಿಂದ ಕಟ್ಟಿಕೊಳ್ಳುತ್ತವೆ. ತಗಡು ಒಳಗಿನಿಂದಲೇ ಹಪ್ಪಳಿಸುತ್ತದೆ. ಹದಿನೈದು ವರ್ಷ ತುಂಬಿದಾಗ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಸರ್ಟಿಫಿಕೇಟು, ಮಾಡಿಸಿ ಐದು ವರ್ಷದ ಆಯುಷ್ಯ ಪಡೆದಿದ್ದ ಆ ಕಾರಿಗೆ ಮುಂದಿನ ಎಫ್‌ಸಿ ಹತ್ತಿರವಾಗುತ್ತಿತ್ತು.

ಕಾರಿನ ತಗಡು ರಿಪೇರಿ ಮಾಡುವ ಶಿವಮೊಗ್ಗದ ಟಿಂಕರಿಂಗ್ ಮೇಸ್ತ್ರಿಯೊಬ್ಬರಿಗೆ ಫೋನ್ ಮಾಡಿದೆ. "ನೋಡ್ದೆ ಹೆಂಗೆ ಹೇಳೋದು ಸರ್, ಬಿಚ್ಚಿದ್ ಮೇಲೇ ಗೊತ್ತಾಗೋದು. ಒಂದು ಐದಾರು ಸಾವಿರ ಇಟ್ಕೊಂಡು ಬನ್ನಿ" ಎಂದರು. ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದ ನನ್ನ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ, ಈ ಮಾತು ಕೇಳಿಸಿತು. "ಒಂದು ರೂಪಾಯಿ ತೂತಿಗೆ ಆರು ಸಾವಿರವಾ ಭಾವ? ನನ್ನ ಮಿಷಿನ್ ಎಂತಕ್ಕುಂಟು ಹಾಗಾದ್ರೆ?" ಎಂದು ಅವರು ಎದ್ದೇ ನಿಂತರು.

ಭಾವನ ವೆಲ್ಡಿಂಗ್ ಮಿಷಿನ್ ನಮ್ಮ ನೆಂಟರಿಷ್ಟರಲ್ಲಿ ಪ್ರಸಿದ್ಧವಾದದ್ದು. ಅಡಿಕೆ ಬೇಯಿಸುವ ಒಲೆಯ ಬಾಗಿಲು, ಕೊಟ್ಟಿಗೆಯ ಸರಳು, ತೋಟದ ಗೇಟು ಎಲ್ಲವೂ ಅದರ ಕೃಪೆ. ಆ ಗೇಟಿಗೆ ಲಾರಿ ಗುದ್ದಿದರೂ ಅದು ಅಲುಗುವುದಿಲ್ಲ. ಹಾಗೆಂದು ಅದು ಸರಿಯಾಗಿ ಮುಚ್ಚುವುದೂ ಇಲ್ಲ. ಈಗ ಯೋಚಿಸಿದರೆ ಎಲ್ಲ ಅನಾಹುತದ ಬೀಜ ಅಲ್ಲಿಯೇ ಇತ್ತು. ಗೇಟಿನ ಆಂಗಲ್ 5 ಮಿಲಿಮೀಟರ್ ದಪ್ಪ, ಕಾರಿನ ತಗಡು ಹೊಸದಿರುವಾಗಲೇ 1 ಮಿಲಿಮೀಟರಿಗಿಂತ ಕಡಿಮೆ, ತುಕ್ಕು ತಿಂದುಳಿದದ್ದು ಇನ್ನೂ ಕಡಿಮೆ. ಗೇಟು ಕಡುಬಾದರೆ ಇದು ತೆಳ್ಳೇವು, ಅಂದರೆ ಕಾಗದದಂಥ ತೆಳು ದೋಸೆ. ಕಡುಬು ಬೇಯಿಸುವ ಉರಿಯಲ್ಲಿ ತೆಳ್ಳೇವು ಎರೆದರೆ ಏನಾಗುತ್ತದೆಂದು ಒಲೆಯ ಮುಂದೆ ಕುಳಿತವರಿಗೆ ಗೊತ್ತು. ನಮ್ಮಿಬ್ಬರಿಗೂ ಆ ಅಭ್ಯಾಸವಿರಲಿಲ್ಲ.

ಸಿದ್ಧತೆಯೇನೋ ಜೋರಾಗಿ ನಡೆಯಿತು. ವೆಲ್ಡಿಂಗ್ ರಾಡುಗಳ ಮೇಲಿನ ಲೇಪ ಮಳೆಗಾಲದ ತೇವವನ್ನು ಹೀರಿಕೊಂಡಿದ್ದರೆ ಕಿಡಿ ಸಿಡಿಯುತ್ತದೆ, ಬೆಸುಗೆಯೂ ತೂತುತೂತಾಗುತ್ತದೆ ಎಂಬುದು ಭಾವನಿಗೆ ಗೊತ್ತಿದ್ದ ಒಂದು ಸತ್ಯ. ಆದ್ದರಿಂದ ರಾಡಿನ ಕಟ್ಟನ್ನು ತಂದು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿದ್ದ ಉಪ್ಪಾಗೆಯ ಹುಳಿಸಿಪ್ಪೆಯ ಪಕ್ಕದಲ್ಲಿಟ್ಟರು. ಎರಡು ದಿನ ಇಡೀ ಮನೆಯಲ್ಲಿ ಉಪ್ಪಾಗೆಯ ವಾಸನೆ ಬಂತೋ ರಾಡಿನ ವಾಸನೆ ಬಂತೋ ಹೇಳಲಾಗದು. ಬ್ಯಾಟರಿಯ ನೆಗೆಟಿವ್ ವಯರನ್ನು ಮೊದಲು ಬಿಚ್ಚಬೇಕೆಂದು ನಾನು ಹಟ ಹಿಡಿದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಎಂದು ಆಮೇಲೆ ತಿಳಿಯಿತು. ಕಾರ್ಪೆಟ್ಟನ್ನು ಪೂರ್ತಿ ತೆಗೆಯುವುದು ರಗಳೆಯೆಂದು ಮಡಚಿ ಪಕ್ಕಕ್ಕೆ ಸರಿಸಿದೆವು. ತೇಪೆಗೆ ಕೊಟ್ಟಿಗೆಯ ಮಾಡಿನಿಂದ ಉಳಿದಿದ್ದ ಜಿಂಕ್ ಶೀಟಿನ ತುಂಡು ಸಿಕ್ಕಿತು.

ಭಾವ ಮುಖಕ್ಕೆ ಕಪ್ಪು ಗಾಜಿನ ಹಲಗೆ ಹಿಡಿದು ಕಾರಿನೊಳಗೆ ಅರ್ಧ ಮೈ ತೂರಿಸಿದರು. ನಾನು ಪೇಟೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಇಕ್ಕಳದಲ್ಲಿ ತೇಪೆಯನ್ನು ಒತ್ತಿ ಹಿಡಿದೆ. ಹೊರಗೆ ಗಾಳಿ ಬೀಸಿ ಲೈನಿನ ಮೇಲೆ ಎಲ್ಲೋ ಕೊಂಬೆ ತಾಗುತ್ತಿದ್ದುದರಿಂದ ವೋಲ್ಟೇಜ್ ಪಾತಾಳಕ್ಕಿಳಿದಿತ್ತು. ರಾಡು ತಾಗಿಸಿದರೆ ಕಿಡಿ ಹುಟ್ಟದೆ ತಗಡಿಗೇ ಅಂಟಿಕೊಂಡು ಮಿಷಿನ್ ಗುಂಯ್ ಎನ್ನತೊಡಗಿತು. ಭಾವ ಕಿತ್ತು, ಕರೆಂಟ್ ಸ್ವಲ್ಪ ಏರಿಸಿ, ಮತ್ತೆ ತಾಗಿಸಿದರು, ಮತ್ತೆ ಅಂಟಿತು, ಮತ್ತೆ ಏರಿಸಿದರು. ಹೀಗೆ ತಿರುಗಣೆ ಕೊನೆಯ ಅಂಕಿಗೆ ತಲುಪಿ, ಭಾವ ನಾಲ್ಕನೆಯ ಸಲ ರಾಡು ತಾಗಿಸುವುದಕ್ಕೂ ಆ ಕೊಂಬೆ ಮುರಿದುಬಿದ್ದು ಪೂರ್ತಿ ವೋಲ್ಟೇಜ್ ಬರುವುದಕ್ಕೂ ಸರಿಹೋಯಿತು.

ಆ ಬೆಳಕನ್ನು ನಾನು ವರ್ಣಿಸಲಾರೆ. ರಾಡು ತಗಡನ್ನು ಬೆಣ್ಣೆಯಂತೆ ಹಾದು ಅಂಗಳ ಸೇರಿತು. ಒಂದು ರೂಪಾಯಿಯ ತೂತು ಕ್ಷಣದಲ್ಲಿ ಲಿಂಬೆಹಣ್ಣಿನಷ್ಟಾಯಿತು; ಅಂಚನ್ನು ಹಿಡಿದು ಸರಿಪಡಿಸಲು ಹೋದಾಗ ತೆಂಗಿನ ಗರಟದಷ್ಟಾಯಿತು; ಜಿಂಕ್ ಉರಿದು ಬಿಳಿಯ ಹೊಗೆಯೆದ್ದು ಇಬ್ಬರಿಗೂ ಕೆಮ್ಮು ಹತ್ತಿತು. ಅದರ ಹಿಂದೆಯೇ ಕರಿಯ ಹೊಗೆ ಬಂದಾಗ, ಮಡಚಿಟ್ಟ ಕಾರ್ಪೆಟ್ಟಿನ ಅಡಿಗೆ ಸದ್ದು ತಡೆಯಲೆಂದು ಅಂಟಿಸಿರುವ ಟಾರಿನ ಹಾಳೆಯೂ ಒಂದಿದೆ ಎಂಬ ಸಂಗತಿ ನಮಗೆ ತಿಳಿಯಿತು. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಪೆಟ್ರೋಲ್ ಪೈಪು ಹೋಗುವುದು ಅದೇ ತಗಡಿನ ಕೆಳಗೆ ಎಂಬುದನ್ನು ಪುಣ್ಯಕ್ಕೆ ಆ ಹೊತ್ತಿನಲ್ಲಿ ಯಾರೂ ನೆನಪಿಸಲಿಲ್ಲ. ನನ್ನ ಹೆಂಡತಿ ಬಚ್ಚಲಿನಿಂದ ಕೊಡಪಾನ ತಂದು ಒಂದೇ ಉಸಿರಿಗೆ ಕಾರಿನೊಳಗೆ ಸುರಿದಳು. ನೀರೆಲ್ಲ ನಿಮಿಷದಲ್ಲಿ ತಳದಿಂದ ಇಳಿದುಹೋಯಿತು. ಅಷ್ಟು ಚೆನ್ನಾಗಿ ನೀರು ಬಸಿಯುವ ಕಾರು ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು. "ಅಣ್ಣಯ್ಯ, ಮೊದಲು ಉಂಬಳ ಮಾತ್ರ ಬರ್ತಿತ್ತು. ಇನ್ನು ಹೆಗ್ಗಣವೂ ಆರಾಮಾಗಿ ಬರಬಹುದು" ಎಂದಷ್ಟೇ ಹೇಳಿ ಒಳಗೆ ಹೋದಳು.

ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಕಣ್ಣಿನ ಸರದಿ ಬಂತು. ಎರಡೂ ಕಣ್ಣಿಗೆ ಮರಳು ತುಂಬಿ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ. ತೆರೆಯಲಾಗದು, ಮುಚ್ಚಲೂ ಆಗದು. ವೆಲ್ಡಿಂಗ್ ಬೆಳಕಿನ ಅತಿನೇರಳೆ ಕಿರಣಗಳು ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನು ಬಿಸಿಲು ಚರ್ಮವನ್ನು ಸುಡುವಂತೆ ಸುಡುತ್ತವೆ, ನೋವು ಕಾಣಿಸಿಕೊಳ್ಳುವುದು ಹಲವು ಗಂಟೆಗಳ ನಂತರ, ಕೂಲಿಂಗ್ ಗ್ಲಾಸು ಇದಕ್ಕೆ ಏನೇನೂ ಸಾಲದು ಎಂದು ಮರುದಿನ ತೀರ್ಥಹಳ್ಳಿಯ ವೈದ್ಯರು ಹನಿ ಬರೆದುಕೊಡುತ್ತ ವಿವರಿಸಿದರು. ಎರಡು ದಿನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಣ್ಣಿನ ಮೇಲೆ ಸೌತೆಕಾಯಿ ಹೋಳಿಟ್ಟುಕೊಂಡು ಮಲಗಿದ್ದೆ. ಭಾವ ಬಂದು ವಿಚಾರಿಸಿದರು: "ಬೆಳಕು ಜೋರಿತ್ತಲ್ಲ ಭಾವ? ಮಿಷಿನ್ ಒಳ್ಳೇದೇ."

ಕೊನೆಗೆ ತೂತಿನ ಮೇಲೆ ದೊಡ್ಡದೊಂದು ಅಡಿಕೆ ಹಾಳೆ ಹಾಸಿ, ಅದರ ಮೇಲೆ ಹಲಗೆಯಿಟ್ಟು, ಶಿವಮೊಗ್ಗದ ದಾರಿ ಹಿಡಿದೆವು. ತೀರ್ಥಹಳ್ಳಿಯಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರ್. ಮಂಡಗದ್ದೆ ದಾಟುವಷ್ಟರಲ್ಲಿ ಹಾಳೆ ನೆನೆದು ಮೆತ್ತಗಾಗಿ, ಸಕ್ರೆಬೈಲು ಬರುವಷ್ಟರಲ್ಲಿ ಹಲಗೆಯೂ ಸರಿದು, ಗಾಜನೂರಿನ ಬಳಿಯ ಗುಂಡಿಯೊಂದರ ನೀರು ನೇರವಾಗಿ ನನ್ನ ಪಂಚೆಯೊಳಗೆ ಚಿಮ್ಮಿತು.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಆ ಮೇಸ್ತ್ರಿ ಕಾರ್ಪೆಟ್ ಎತ್ತಿ ಬಹಳ ಹೊತ್ತು ಸುಮ್ಮನೆ ನೋಡಿದರು. "ಯಾರು ಸರ್ ಮಾಡಿದ್ದು?" ಎಂದರು. "ಊರಲ್ಲಿ ಒಬ್ಬರು" ಎಂದೆ. ಭಾವ ಗೋಡೆಯ ಮೇಲಿನ ಕ್ಯಾಲೆಂಡರನ್ನು ಆಸಕ್ತಿಯಿಂದ ನೋಡುತ್ತಿದ್ದರು. "ಗೇಟ್ ಕೆಲಸದೋರು ಇರ್ಬೇಕು" ಎಂದು ಮೇಸ್ತ್ರಿ ತಮ್ಮಷ್ಟಕ್ಕೇ ಹೇಳಿಕೊಂಡರು.

ಆಮೇಲೆ ಅವರು ಸ್ಕ್ರೂ ಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು, ಟೊಳ್ಳಿದ್ದಲ್ಲಿ ದಬ್ ಎನ್ನುತ್ತಿತ್ತು. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿದರೆ ಅಂಟದೆ ಜಾರಿತು. ಅಲ್ಲಿದ್ದದ್ದು ಕಬ್ಬಿಣವಲ್ಲ, ಹಿಂದಿನ ಮಾಲೀಕರು ತುಂಬಿಸಿ ಬಣ್ಣ ಬಳಿಸಿದ್ದ ಪುಟ್ಟಿ. ನಾವು ಒಂದು ತೂತೆಂದು ತಿಳಿದದ್ದು ನಾಲ್ಕಾಯಿತು. ಅದರಲ್ಲೊಂದು ಡ್ರೈವರ್ ಸೀಟಿನ ಬೋಲ್ಟಿಗೆ ನಾಲ್ಕೇ ಬೆರಳು ದೂರದಲ್ಲಿತ್ತು. ಆ ತಗಡು ಬರೀ ನೀರು ತಡೆಯುವುದಕ್ಕಲ್ಲ, ನನ್ನ 78 ಕಿಲೋ ತೂಕವನ್ನು ಹೊರುವುದಕ್ಕೂ ಇರುವುದು ಎಂಬ ವಿಚಾರ ನನಗೆ ಹೊಳೆದದ್ದು ಆಗಲೇ.

ಎರಡನೆಯ ದಿನ ನಾನು ಅಲ್ಲಿಯೇ ಸ್ಟೂಲು ಹಾಕಿಕೊಂಡು ಕುಳಿತು ಕೆಲಸ ನೋಡಿದೆ. ಸೀಟು, ಕಾರ್ಪೆಟ್, ಟಾರಿನ ಹಾಳೆ ಎಲ್ಲ ಹೊರಗೆ ಬಂತು. ಪೆಟ್ರೋಲ್ ಪೈಪನ್ನು ಸರಿಸಿ ಒದ್ದೆ ಗೋಣಿ ಸುತ್ತಿದರು. ತುಕ್ಕಿನ ಭಾಗವನ್ನೆಲ್ಲ ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಗಡನ್ನು ಅಳತೆಗೆ ಬಡಿದು ಕೂರಿಸಿದರು. ಅವರು ಸಿಒಟು ಎನ್ನುವ ಆ ವೆಲ್ಡಿಂಗಿನಲ್ಲಿ ರಾಡಿಲ್ಲ. ಬಂದೂಕಿನಂಥ ಹಿಡಿಕೆಯಿಂದ ಸಣ್ಣ ತಂತಿ ತಾನಾಗಿ ಬರುತ್ತದೆ, ಸುತ್ತಲೂ ಅನಿಲ ಕವಿದುಕೊಂಡು ಗಾಳಿಯನ್ನು ದೂರ ಇಡುತ್ತದೆ. ಹಾಗೆಂದು ಅವರು ಗೆರೆ ಎಳೆದಂತೆ ಬೆಸೆಯಲಿಲ್ಲ. ಈ ಮೂಲೆಯಲ್ಲಿ ಒಂದು ಚುಕ್ಕಿ, ಎದುರು ಮೂಲೆಯಲ್ಲಿ ಇನ್ನೊಂದು, ಆಮೇಲೆ ಬೀಡಿ. "ಯಾಕೆ ನಿಲ್ಲಿಸಿದ್ರಿ?" ಎಂದು ಕೇಳಿದರೆ, "ಆರ್ಬೇಕು ಸರ್. ಒಂದೇ ಸಮ ಎಳೆದ್ರೆ ತಗಡು ಹಪ್ಪಳ ಆಗತ್ತೆ" ಎಂದರು. ಚುಕ್ಕಿಗೆ ಚುಕ್ಕಿ ಕೂಡಿ ರಂಗೋಲಿ ಮುಗಿಯಲು ಮಧ್ಯಾಹ್ನ ಕಳೆಯಿತು. ಮಿಷಿನ್ ಕೊಂಡು, ಗುಜರಿ ತಗಡಿನ ಮೇಲೆ ಒಂದೆರಡು ತಿಂಗಳು ಈ ಚುಕ್ಕಿಯನ್ನೇ ಅಭ್ಯಾಸ ಮಾಡುವ ತಾಳ್ಮೆಯುಳ್ಳವರು ಮನೆಯಲ್ಲೇ ಮಾಡಿಕೊಳ್ಳಲಿ, ನನ್ನ ತಕರಾರಿಲ್ಲ. ಒಂದು ತೂತಿಗಾಗಿ ಅಷ್ಟು ತಪಸ್ಸು ನನ್ನಿಂದಾಗದು. ತಗಡು ಉಜ್ಜಿ ರೆಡ್ ಆಕ್ಸೈಡ್ ಬಳಿದು, ಸಂದಿಗೆ ಸೀಲರ್ ತುಂಬಿ, ತಳಕ್ಕೆ ಕರಿಯ ಕೋಟಿಂಗ್ ಹೊಡೆಯುವ ಮುಂಚೆ ಮೇಸ್ತ್ರಿ ನೀರಿಳಿಯುವ ರಂಧ್ರಗಳಿಗೆಲ್ಲ ತಂತಿ ಹಾಕಿ ಬಿಡಿಸಿ, ಆ ತಂತಿಯನ್ನು ನನ್ನ ಕೈಗೆ ಕೊಟ್ಟರು: "ತಿಂಗಳಿಗೊಂದ್ಸಲ ಇದನ್ನ ನೀವೇ ಮಾಡಿ ಸರ್. ಇದಕ್ಕೆ ಬೆಂಕಿ ಬೇಡ."

ಒಟ್ಟು ಬಿಲ್ಲು 9,500 ರೂಪಾಯಿ. ಅದರಲ್ಲಿ "ಹಳೇ ವೆಲ್ಡಿಂಗ್ ಕಟಿಂಗ್ 800" ಎಂಬ ಸಾಲನ್ನು ಭಾವ ಎರಡೆರಡು ಸಲ ಓದಿದರು. ಹೊಸ ಕಾರ್ಪೆಟ್, ಕಣ್ಣಿನ ಹನಿ, ವೈದ್ಯರ ಫೀಸು ಬೇರೆ. ಕತ್ತರಿಸಿ ತೆಗೆದ ತಗಡುಗಳನ್ನು ಮೇಸ್ತ್ರಿ ಸಿಮೆಂಟ್ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟಿದ್ದರು. ಊರಿಗೆ ಬಂದ ಸಂಜೆ ಭಾವ ಚೀಲ ಬಿಚ್ಚಿ, ತಮ್ಮ ಕೈಯ ತುಂಡನ್ನು ಹುಡುಕಿ, ಜಗಲಿಯ ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸುತ್ತಲಿನ ತಗಡೆಲ್ಲ ಜಾಲರಿಯಾಗಿತ್ತು; ನಡುವೆ ಅಡಿಕೆಯ ಗಾತ್ರದ ಬೆಸುಗೆಯ ಗಂಟೊಂದು ಕರ್ರಗೆ ಕುಳಿತಿತ್ತು. ಅದನ್ನು ಸುತ್ತಿಗೆಯಿಂದ ಎರಡೇಟು ಬಡಿದು ನನ್ನ ಕಡೆ ತಿರುಗಿ ಅವರು ಹೇಳಿದರು:

"ನೋಡಿ ಭಾವ, ನಾನು ಹಾಕಿದ್ದು ಮಾತ್ರ ಬಿಟ್ಟಿಲ್ಲ."