ಹಾಲೂಡಿಸುವಾಗ ಆಂಟಿಬಯಾಟಿಕ್: ತೆಗೆದುಕೊಳ್ಳಬಹುದಾ?

ಪರ: ಮಾತ್ರೆಯೂ ನಡೆಯಲಿ, ಹಾಲೂ ನಡೆಯಲಿ

ತಂಗಿಯ ಮಗುವಿಗೆ ಆಗ ಇಪ್ಪತ್ತೆರಡು ದಿನ. ಒಂದು ಸಂಜೆ ತಂಗಿಗೆ ಚಳಿ ಹತ್ತಿತು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಬಲ ಎದೆಯ ಹೊರಬದಿ ಕೆಂಪಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಒಳಗೆ ನಿಂಬೆಹಣ್ಣಿನಷ್ಟು ಗಟ್ಟಿ ಗಂಟು. ಎರಡು ದಿನ ಕಾದರೂ ಇಳಿಯದಿದ್ದಾಗ ಡಾಕ್ಟರು ಕ್ಲಾಕ್ಸಾಸಿಲಿನ್ ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟರು. ಮನೆಗೆ ಬಂದರೆ ದೊಡ್ಡಮ್ಮನದು ಒಂದೇ ಮಾತು: "ಮಾತ್ರೆ ಮುಗಿಯೋವರೆಗೂ ಕೂಸಿಗೆ ಎದೆ ಕೊಡಬೇಡ ಕಣೇ. ಡಬ್ಬಿ ಹಾಲು ಹಾಕು."

ದೊಡ್ಡಮ್ಮನದು ಪ್ರೀತಿಯ ಮಾತೇ. ಆದರೆ ಅದನ್ನು ಕೇಳಿದ್ದರೆ ತಂಗಿಗೆ ಕಷ್ಟವಾಗುತ್ತಿತ್ತು. ಬಾವು ಬಂದ ಎದೆಯಿಂದ ಹಾಲು ಕುಡಿಸುವುದನ್ನು ಏಕಾಏಕಿ ನಿಲ್ಲಿಸಿದರೆ ಹಾಲು ಇನ್ನೂ ಕಟ್ಟಿಕೊಳ್ಳುತ್ತದೆ. ಕೀವು ತುಂಬಿದರೆ ಸೂಜಿ ಹಾಕಿಯೋ ಕೊಯ್ದೋ ತೆಗೆಸಬೇಕಾಗುತ್ತದೆ.

ಔಷಧಿ ಹಾಲಿಗೆ ಇಳಿಯುವುದು ನಿಜ. ಎಷ್ಟು ಅನ್ನುವುದು ಮುಖ್ಯ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ, ತಾಯಿ ತೆಗೆದುಕೊಂಡಿದ್ದರಲ್ಲಿ ಶೇ. 10ಕ್ಕಿಂತ ಕಡಿಮೆ ಮಗುವಿಗೆ ಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ ಎನ್ನುತ್ತಾರೆ. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್‌ನಲ್ಲಿ ಅದು ಸುಮಾರು ಶೇ. 1 ಅಷ್ಟೇ. ಅದೇ ಅಮಾಕ್ಸಿಸಿಲಿನ್ ಅನ್ನು ಕಾಯಿಲೆ ಬಿದ್ದ ಎಳೆ ಮಕ್ಕಳಿಗೆ ಸಿರಪ್ ಮಾಡಿ ನೇರವಾಗಿಯೇ ಕುಡಿಸುತ್ತಾರೆ, ಅಲ್ವಾ? ಸೆಫಾಲೆಕ್ಸಿನ್ ಅನ್ನುವ ಇನ್ನೊಂದು ಆಂಟಿಬಯಾಟಿಕ್ ಕೂಡ ಹಾಲಿಗೆ ಇಳಿಯುವುದು ಕಡಿಮೆಯೇ.

ಬಾಟಲಿಗೆ ರೂಢಿಯಾದ ಕೂಸು ಹತ್ತು ದಿನ ಕಳೆದ ಮೇಲೆ ಮತ್ತೆ ಎದೆಗೆ ಬಾಯಿ ಹಾಕುತ್ತದೆ ಅಂತ ಏನು ಗ್ಯಾರಂಟಿ? ಅಷ್ಟರಲ್ಲಿ ಹಾಲೂ ಇಂಗಿರುತ್ತದೆ. ತಂಗಿ ಕುಡಿಸುತ್ತಲೇ ಇದ್ದಳು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು.

ವಿರೋಧ: ಕೇಳದೆ ನುಂಗುವುದು ಬೇಡ

"ಆಂಟಿಬಯಾಟಿಕ್ ಸೇಫ್" ಅನ್ನುವ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಯಾವ ಆಂಟಿಬಯಾಟಿಕ್? ಎಷ್ಟು ದಿನದ ಮಗು?

ನನ್ನ ಮಗಳು ಎಂಟು ತಿಂಗಳಿಗೇ ಹುಟ್ಟಿದವಳು. ಹನ್ನೆರಡನೇ ದಿನವೂ ಕಣ್ಣು ಹಳದಿಯಾಗಿಯೇ ಇತ್ತು. ನನಗೆ ಉರಿಮೂತ್ರ ಶುರುವಾಯಿತು. ಮನೆಯವರು ಮೆಡಿಕಲ್ ಶಾಪ್‌ಗೆ ಹೋಗಿ ಕೇಳಿದರು. ಚೀಟಿ ಇಲ್ಲದೆಯೇ ಕೋಟ್ರೈಮಾಕ್ಸಜೋಲ್ ಅನ್ನುವ ಆಂಟಿಬಯಾಟಿಕ್ ಸಿಕ್ಕಿತು. ಪುಣ್ಯಕ್ಕೆ ಅವತ್ತೇ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸುವುದಿತ್ತು. ಸ್ಟ್ರಿಪ್ ನೋಡಿದವರೇ ಅವರು ಬೇಡ ಎಂದರು. ಅದರಲ್ಲಿ ಸಲ್ಫಾ ಅನ್ನುವ ಔಷಧಿ ಇದೆ. ಕಾಮಾಲೆ ಇರುವ ಅಥವಾ ದಿನ ತುಂಬದೆ ಹುಟ್ಟಿದ ಮಗುವಿಗೆ ಅದು ಒಳ್ಳೆಯದಲ್ಲ. ಕಾಮಾಲೆಯಲ್ಲಿ ಮೈ ಹಳದಿ ಮಾಡುವ ಬಿಲಿರುಬಿನ್ ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದನ್ನು ಸಲ್ಫಾ ಬಿಡಿಸಿಬಿಡುತ್ತದೆ. ಬಿಡಿಯಾದ ಬಿಲಿರುಬಿನ್ ಮಿದುಳಿಗೆ ಹೋಗಬಹುದು. ನನಗೆ ಬೇರೆ ಮಾತ್ರೆ ಬರೆದುಕೊಟ್ಟರು. ಹಾಲು ನಿಲ್ಲಿಸಲಿಲ್ಲ.

ಉರಿಮೂತ್ರಕ್ಕೆ ಕೊಡುವ ನೈಟ್ರೋಫುರಾಂಟಾಯಿನ್ ಕೂಡ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆ ಇರುವ ಮಗುವಿಗೆ ಆಗದು. ತಾಯಿಗೆ ಎರಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಕೊಡುವಾಗ, ಅದರಲ್ಲೂ ಹುಟ್ಟಿದ ಮೊದಲೆರಡು ವಾರ, ಮಗು ಜೋರಾಗಿ ವಾಂತಿ ಮಾಡುತ್ತದಾ ಎಂದು ಗಮನಿಸಬೇಕು. ತಾಯಿ ಅಮಾಕ್ಸಿಸಿಲಿನ್ ತೆಗೆದುಕೊಂಡರೂ ಕೆಲವು ಮಕ್ಕಳಿಗೆ ಭೇದಿಯಾಗುತ್ತದೆ, ನಾಲಿಗೆಯ ಮೇಲೆ ಒರೆಸಿದರೂ ಹೋಗದ ಬಿಳಿ ಪೊರೆ ಬರುತ್ತದೆ.

ಎದೆ ಬಾವಿಗೂ ಮೊದಲ ದಿನವೇ ಆಂಟಿಬಯಾಟಿಕ್ ಬೇಕಂತಿಲ್ಲ. ಎಷ್ಟೋ ಸಲ ಅಲ್ಲಿ ಸೋಂಕೇ ಇರುವುದಿಲ್ಲ. ತಣ್ಣನೆಯ ಪಟ್ಟಿ, ನೋವಿಗೆ ಐಬುಪ್ರೊಫೇನ್ ಮಾತ್ರೆ, ಎಂದಿನಂತೆ ಹಾಲು ಕುಡಿಸುವುದು, ಗಂಟನ್ನು ಒತ್ತಿ ತಿಕ್ಕದಿರುವುದು: ಒಂದು ದಿನ ಇಷ್ಟು ಮಾಡಿ ನೋಡಿ ಎನ್ನುತ್ತಾರೆ. ಇಳಿಯದಿದ್ದರೆ ಆಮೇಲೆ ಮಾತ್ರೆ. ನೆಗಡಿ, ಗಂಟಲು ಕೆರೆತಕ್ಕಂತೂ ಸುಮ್ನೆ ನುಂಗುವುದು ಜಾಸ್ತಿ. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಈ ಮಾತ್ರೆ ಕೆಲಸವೇ ಮಾಡುವುದಿಲ್ಲ.

ಸ್ಟ್ರಿಪ್‌ನ ಹಿಂದೆ ಉದ್ದಕ್ಕೊಂದು ಕೆಂಪು ಗೆರೆ ಇರುತ್ತದೆ, ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ ಎಂದು. ಚೀಟಿ ಬರೆಯುವಾಗ ಅವರು ಕೇಳದಿದ್ದರೆ ನೀವೇ ಹೇಳಿ: ಹಾಲು ಕುಡಿಸುತ್ತಿದ್ದೇನೆ, ಮಗುವಿಗೆ ಇಷ್ಟು ದಿನ, ಇಷ್ಟು ತೂಕ, ಕಾಮಾಲೆ ಇನ್ನೂ ಇಳಿದಿಲ್ಲ.